ಎಡಗಿವಿ

೨೫ ಆಗಸ್ಟ್ ೧೯೮೫, ಭಾನುವಾರ

ನಿನ್ನೆ ಲಕ್ಕಣ್ಣ ಎಲ್ಲರೆದುರು ನನ್ನ ಕೆನ್ನೆಗೆ ಬಾರಿಸಿದ. ಆರ್.ಟಿ. ನಗರದಲ್ಲಿ ಮದುವೆಯ ಆರತಕ್ಷತೆ. ಎರಡನೇ ಪಂಕ್ತಿ ಊಟಕ್ಕೆ ಕುಳಿತಿತ್ತು. ಬಡಿಸುವವನು ಹೋಳಿಗೆಯ ತಟ್ಟೆ ಹಿಡಿದುಕೊಂಡೇ ನಿಂತು ನೋಡಿದ. ಒಂದು ಮಗು ಕೈ ತಟ್ಟಿ ನಕ್ಕಿತು. ಆ ಮಗುವಿನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಾನು ಮಾಡಿದ ತಪ್ಪಾದರೂ ಏನು? ಬೇಸ್ ಗಿಟಾರ್ ಕೇಳಿಸಲಿ ಎಂದು ಆಂಪ್ಲಿಫೈಯರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಸ್ಪೀಕರಿನ ಕಾಗದ ಹರಿಯಿತು. ಆರ್ಕೆಸ್ಟ್ರಾ ಲಕ್ಕಣ್ಣನದು, ಮೈಕ್‌ಸೆಟ್ಟೂ ಅವನದೇ, ಮತ್ತಿಕೆರೆಯಲ್ಲಿ ನಾವು ಬಾಡಿಗೆಗಿರುವ ಹಿಂದಿನ ಮನೆ ಅವನ ಅಮ್ಮ ಕೃಷ್ಣಮ್ಮನವರದು. ಹಾಗಾಗಿ ನನ್ನ ಕೆನ್ನೆಯೂ ಅವನದೇ ಎಂದುಕೊಂಡನೋ ಏನೋ.

"ನಿನ್ ಡುಬ್ಬು ಡುಬ್ಬು ಯಾವನಿಗ್ ಬೇಕಾಗೈತಲೇ? ಸ್ಪೀಕ್ರು ಅರ್ದ್ ಆಕ್ಬುಟ್ಯಲ್ಲೋ!" ಎಂದ.

ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ. ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನೊಬ್ಬ ಇದ್ದಾನೆಂದು ಜನಕ್ಕೆ ಗೊತ್ತೇ ಆಗುವುದಿಲ್ಲ. ಡ್ರಮ್ಮಿನವನಿಗೆ ಶಿಳ್ಳೆ, ಹಾಡುವವರಿಗೆ ಹಾರ, ನನಗೆ ಕೊನೆಯಲ್ಲಿ ವಯರ್ ಸುತ್ತುವ ಕೆಲಸ. ನನ್ನ ನುಡಿಕೆ ಕೇಳುವವಳು ಒಬ್ಬಳೇ, ಪಂಕಜಾ. ಅವಳು ಹಾಡುವಾಗ ನನ್ನ ಬಲಕ್ಕೆ ನಿಲ್ಲುತ್ತಾಳೆ, ಎಡಗಿವಿ ನನ್ನ ಕಡೆಗೆ. ಪಲ್ಲವಿ ಎತ್ತುವ ಮುಂಚೆ ನನ್ನ ದಪ್ಪ ತಂತಿಯಿಂದಲೇ ಶ್ರುತಿ ಹಿಡಿಯುತ್ತಾಳೆ. ಮದುವೆಯಾದ ಮೇಲೆ ಗೊತ್ತಾದದ್ದಲ್ಲ ಇದು, ಇದು ಗೊತ್ತಾದ ಮೇಲೆಯೇ ನಾವು ಮದುವೆಯಾದದ್ದು.

ಮನೆಗೆ ಬಂದು ಒದ್ದೆ ಬಟ್ಟೆ ಕೆನ್ನೆಗೆ ಒತ್ತುತ್ತಾ, "ಬೇರೆ ಪಾರ್ಟಿ ನೋಡ್ಕೊಳ್ಳೋಣ ಬಿಡಿ. ಕೈ ಮಾಡೋರ ಹತ್ರ ಯಾಕಿರ್ಬೇಕು?" ಎಂದಳು. ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಏಟು ತಿಂದವನು ಬಿಟ್ಟುಹೋದರೆ ಓಡಿಹೋದ ಎನ್ನುತ್ತಾರೆ.

೧ ಸೆಪ್ಟೆಂಬರ್, ಭಾನುವಾರ

ಯಶವಂತಪುರದ ರೈಲ್ವೆ ಸ್ಟೇಷನ್ ಹಿಂದೆ ಅಕ್ಬರ್ ಪಾಷಾ ಅವರ ರೇಡಿಯೊ ರಿಪೇರಿ ಅಂಗಡಿ. ಅವರದೂ ಒಂದು ಆರ್ಕೆಸ್ಟ್ರಾ ಇದೆ, ಸ್ವತಃ ಅಕಾರ್ಡಿಯನ್ ನುಡಿಸುತ್ತಾರೆ. ಅವರ ಭಾವಮೈದುನ ದುಬೈಯಿಂದ ತಂದ ಒಂದು ಪೆಡಲ್ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ನನ್ನ ಸೈಕಲ್ ಕೊಟ್ಟು ಅದನ್ನು ತಂದೆ. ಇನ್ನು ಕಾರ್ಖಾನೆಯ ಬಸ್ಸಿಗೆ ನಡೆದೇ ಹೋಗಬೇಕು, ಹೋಗುತ್ತೇನೆ.

ಅರ್ಧ ಇಟ್ಟಿಗೆಯಷ್ಟು ಕಬ್ಬಿಣದ ಡಬ್ಬಿ. ಮೇಲೆ ಏಳು ಪುಟ್ಟ ಗುಂಡಿಗಳು ಸಾಲಾಗಿ, ಮೇಲಕ್ಕೂ ಕೆಳಕ್ಕೂ ಜಾರುವಂಥವು. ಗಿಟಾರಿನ ವಯರ್ ಇದರೊಳಗೆ ಹೋಗಿ, ಇದರಿಂದ ಆಂಪ್ಲಿಫೈಯರಿಗೆ ಹೋಗುತ್ತದೆ. ಒಂದೊಂದು ಗುಂಡಿಗೂ ಶಬ್ದದ ಒಂದೊಂದು ಪಾಲು. ಬೇಕಾದ ಪಾಲನ್ನು ಎತ್ತಬಹುದು, ಬೇಡದ್ದನ್ನು ಅಡಗಿಸಬಹುದು. ಹೊಟ್ಟೆಯಲ್ಲಿ ಒಂದು ಚೌಕ ಬ್ಯಾಟರಿ.

"ಎಡಗಡೇದು ಭೂಮಿ ನಡುಗ್ಸೋದು, ಬಲಗಡೇದು ಸೊಳ್ಳೆ. ನಿಮ್ಗೆ ಬೇಕಾದ್ದು ನಡೂವೆ ಐತೆ ಸಾರ್. ಜನ ಎಡಗಡೇದೇ ಎತ್ತಿ ಎತ್ತಿ ಸ್ಪೀಕರ್ ಸಾಯಿಸ್ತಾರೆ," ಎಂದರು ಅಕ್ಬರ್ ಪಾಷಾ. ನನ್ನ ಕಥೆ ಅವರವರೆಗೂ ಹೋಗಿದೆ ಎಂದಾಯಿತು.

ಮನೆಗೆ ಬಂದು ಎಡಗಡೆಯದನ್ನೇ ಎತ್ತಿದೆ. ಗೂಡಿನ ಪಾತ್ರೆಗಳೆಲ್ಲ ಗಿಲಗಿಲ ಎಂದವು. ಕೃಷ್ಣಮ್ಮನವರು ಬಾಗಿಲಿಗೆ ಬಂದು "ಏನವ್ವಾ, ಲಾರಿ ಏನಾರ ಒಳೀಕ್ ಬಂತಾ?" ಎಂದು ಕೇಳಿದರು. ಆಮೇಲೆ ಅದನ್ನು ಇಳಿಸಿ ನಡುವಿನದನ್ನು ಎತ್ತಿದೆ. ದೇವರೇ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಉಚ್ಚಾರ ಮಾಡಿದಷ್ಟು ಸ್ಪಷ್ಟವಾಗಿ ಬಂತು. ಪಂಕಜಾ ಸೊಪ್ಪು ಬಿಡಿಸುವುದನ್ನು ಬಿಟ್ಟು ಹಾಡಲು ಕುಳಿತಳು. ಸಂಜೆಯವರೆಗೂ ಅಡುಗೆಯಾಗಲಿಲ್ಲ, ಇಬ್ಬರೂ ಕಡಲೆಪುರಿ ತಿಂದೆವು. ಬಹಳ ದಿನದ ಮೇಲೆ ಸಂತೋಷವಾಗಿದೆ.

೨೨ ಸೆಪ್ಟೆಂಬರ್, ಭಾನುವಾರ

ನಿನ್ನೆ ಹೆಬ್ಬಾಳದಲ್ಲಿ ಗಣೇಶನ ಕಾರ್ಯಕ್ರಮ. ಬೀದಿಯುದ್ದಕ್ಕೂ ಕಂಬಕ್ಕೆ ಕಟ್ಟಿದ ಹಾರ್ನ್‌ಗಳು. ಹಾರ್ನ್‌ಗೆ ದಪ್ಪ ಶಬ್ದ ಎತ್ತುವ ಯೋಗ್ಯತೆ ಇಲ್ಲ, ಎಷ್ಟು ಕೊಟ್ಟರೂ ಗೊರಗೊರ ಎನ್ನುತ್ತದೆ. ಆದ್ದರಿಂದ ಎಡಗಡೆಯ ಗುಂಡಿಗಳನ್ನು ಪೂರ್ತಿ ಇಳಿಸಿ, ನಡುವಿನಿಂದ ಬಲಕ್ಕೆ ಮೆಲ್ಲಗೆ ಏರಿಸುತ್ತಾ ಹೋದೆ. ಮೊದಲನೇ ಹಾಡಿಗೇ ಮುಂದಿನ ಸಾಲಿನ ಒಬ್ಬ ಮುದುಕರು ಕತ್ತೆತ್ತಿ, ಇದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ನನ್ನ ಬೆರಳು ನೋಡಿದರು. ನನಗೆ ಅಳುವೇ ಬಂತು.

ಆಮೇಲೆ ನಡೆದದ್ದನ್ನೂ ಬರೆಯಬೇಕು. ಕುಡಿದವನೊಬ್ಬ ವೇದಿಕೆ ಹತ್ತಿ, ಅದೇ ಹಾಡು ಇನ್ನೊಂದು ಸಲ ಎಂದು ಪಂಕಜಾಳ ಮಣಿಕಟ್ಟು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳುತ್ತಿದ್ದಳು. ಲಕ್ಕಣ್ಣ ನೋಡುತ್ತಾ ನಿಂತಿದ್ದ. ನಾನು ಗಿಟಾರ್ ಕೆಳಗಿಟ್ಟು ಮೈಕ್ ಸ್ಟ್ಯಾಂಡ್ ಎತ್ತಿಕೊಂಡೆ. ಅದರ ಕೆಳಗಿನ ಕಬ್ಬಿಣದ ತಟ್ಟೆ ಅವನ ದವಡೆಗೆ ತಗುಲಿದ ಸದ್ದು ಮೈಕಿನಲ್ಲಿ ಬೀದಿಗೆಲ್ಲ ಕೇಳಿಸಿತು. ಬಿದ್ದ ಮೇಲೂ ಹೊಡೆದೆನಂತೆ. ನನಗೆ ಅಷ್ಟು ನೆನಪಿಲ್ಲ. ಪಂಕಜಾ ಹಿಂದಿನಿಂದ ಷರ್ಟು ಹಿಡಿದು ಜಗ್ಗುತ್ತಾ, "ಬಿಡ್ರೀ, ಸತ್ತೋಗ್ತಾನೆ! ಬಿಡ್ರೀ!" ಎಂದು ಕೂಗುತ್ತಿದ್ದದ್ದು ಮಾತ್ರ ನೆನಪಿದೆ. ಅವನ ಕಡೆಯವರು ಅವನನ್ನು ಕೈಕಾಲು ಹಿಡಿದು ಎತ್ತಿಕೊಂಡು ಹೋದರು. ಅವನ ಒಂದು ಚಪ್ಪಲಿ ಗಣೇಶನ ಮುಂದೆಯೇ ಉಳಿದಿತ್ತು.

ಲಕ್ಕಣ್ಣ ಬೆನ್ನು ತಟ್ಟಿ, "ಈಗ್ ನೋಡು, ಗಂಡ್ಸಾದೆ," ಎಂದ.

ಬಲಗೈ ಊದಿದೆ. ಬೆಳಗ್ಗೆಯಿಂದ ಆ ಊತವನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೇನೆ. ನೋವಿದೆ, ಆದರೂ ಹಿತವಾಗಿದೆ.

೯ ಅಕ್ಟೋಬರ್, ಬುಧವಾರ

ಕಾರ್ಖಾನೆಯಲ್ಲಿ ಪುಟ್ಟಣ್ಣ ನನ್ನನ್ನು ಕಂಡು "ಡುಬ್ಬು ಡುಬ್ಬು" ಎಂದ. ಒಂದೂವರೆ ತಿಂಗಳಿಗೆ ಒಂದು ತಮಾಷೆ ಹಳತಾಗಬೇಡವೇ? ಸುಮ್ಮನೆ ಪಕ್ಕಕ್ಕೆ ತಳ್ಳಿದೆ, ಕಬ್ಬಿಣದ ಬೀರುವಿನ ಮೂಲೆ ಅವನ ತಲೆಗೆ ಬಂತು. ಹೊಲಿಗೆ ಬಿದ್ದಿದೆ. ಫೋರ್‌ಮನ್ ಕೇಳಿದಾಗ ಜಾರಿ ಬಿದ್ದೆ ಎಂದ. ಜಾಣ.

ಈಗ ಕ್ಯಾಂಟೀನಿನಲ್ಲಿ ನಾನು ಹೋದರೆ ಬೆಂಚಿನಲ್ಲಿ ಜಾಗ ಬಿಡುತ್ತಾರೆ.

೨೦ ಅಕ್ಟೋಬರ್, ಭಾನುವಾರ

ಸಾರಿಗೆ ಉಪ್ಪು ಹೆಚ್ಚಾಗಿತ್ತು. ತಟ್ಟೆ ಎಸೆದದ್ದು ಗೋಡೆಗೆ. ಪಂಕಜಾ ಅದೇ ಹೊತ್ತಿಗೆ ಎದ್ದಳು, ಹುಬ್ಬಿನ ಹತ್ತಿರ ಸ್ವಲ್ಪ ತಗುಲಿತು. ಅರಿಶಿನ ಹಾಕಿದವನೂ ನಾನೇ. ಇಷ್ಟಕ್ಕೆ ಇಡೀ ದಿನ ಮುಖ ಊದಿಸಿಕೊಂಡಿದ್ದಳು.

೩ ನವೆಂಬರ್, ಭಾನುವಾರ

ನಿನ್ನೆ ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ನನ್ನ ಕಾರ್ಖಾನೆಯ ಜನವೇ ಹೆಂಡತಿ ಮಕ್ಕಳೊಂದಿಗೆ ಕುಳಿತಿದ್ದರು. ಇವತ್ತು ಇವರೆಲ್ಲರಿಗೂ ತೋರಿಸುತ್ತೇನೆ ಎಂದುಕೊಂಡಿದ್ದೆ. ಪಂಕಜಾ ಚರಣಕ್ಕೆ ಬರುವ ಹೊತ್ತಿಗೆ ಪೆಡಲ್ ಪರಪರ ಎಂದು ಸತ್ತೇ ಹೋಯಿತು. ಕಾಲಲ್ಲಿ ಒತ್ತಿದರೂ ಇಲ್ಲ, ಗುಂಡಿ ಎತ್ತಿದರೂ ಇಲ್ಲ. ನಾನು ಬಗ್ಗಿ ವಯರ್ ಕಿತ್ತು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸುವುದರೊಳಗೆ ಅವಳು ಶ್ರುತಿ ತಪ್ಪಿ, ತಡವರಿಸಿ, ನಿಂತೇಬಿಟ್ಟಳು. ಶಿಳ್ಳೆ, ಕೂಗು. ಯಾರೋ ಕಡಲೆಕಾಯಿ ಸಿಪ್ಪೆ ಎರಚಿದರು. ಪುಟ್ಟಣ್ಣ ತಲೆಯ ಹೊಲಿಗೆಯ ಗುರುತು ಸವರಿಕೊಂಡು ನಗುತ್ತಿದ್ದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಬೆಳಗ್ಗೆ ಎದ್ದರೆ ಅಡುಗೆಮನೆಯಲ್ಲಿ ಪಂಕಜಾಳ ಟ್ರಾನ್ಸಿಸ್ಟರ್ ಗಟ್ಟಿಯಾಗಿ ಹಾಡುತ್ತಿದೆ. ಅದಕ್ಕೂ ಅದೇ ಚೌಕ ಬ್ಯಾಟರಿ. ಎರಡನ್ನೂ ಬಿಚ್ಚಿ ನೋಡಿದೆ. ಅವಳದು ಹೊಸದು, ನನ್ನದು ಸತ್ತದ್ದು. ಇದಕ್ಕಿಂತ ಏನು ಬೇಕು?

"ನಿಮ್ಮದನ್ನ ನಾನು ಮುಟ್ಟಿಲ್ಲ. ಇದು ಹೋದ ವಾರ ಅಂಗಡಿಯಿಂದ ತಂದಿದ್ದು, ಕೃಷ್ಣಮ್ಮನವರನ್ನ ಕೇಳಿ," ಎಂದಳು.

ನನ್ನ ಹೆಂಡತಿಯ ಮಾತಿಗೆ ಮನೆ ಮಾಲೀಕರ ಸಾಕ್ಷಿ ಬೇಕೇ? ಸುಳ್ಳಿಗಿಂತ ಆ ತಣ್ಣಗಿನ ದನಿ ನನ್ನನ್ನು ಕೆರಳಿಸಿತು. ಹೊಡೆದದ್ದು ಒಂದೇ ಏಟು. ನಾನು ಗುರಿ ಇಟ್ಟದ್ದು ಕೆನ್ನೆಗೆ, ಅವಳು ತಲೆ ತಿರುಗಿಸಿದಳು, ಅಂಗೈ ಎಡಗಿವಿಯ ಮೇಲೆ ಕುಳಿತಿತು. ಅವಳು ಕೂಗಲಿಲ್ಲ. ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಳಿತು, ಯಾರೋ ದೂರದಿಂದ ಕರೆದರೇನೋ ಎಂಬಂತೆ ಅತ್ತಿತ್ತ ನೋಡಿದಳು. ಬೆರಳ ಸಂದಿನಿಂದ ತೆಳುವಾಗಿ ರಕ್ತ ಬಂತು.

ಟ್ರಾನ್ಸಿಸ್ಟರ್ ಇನ್ನೂ ಹಾಡುತ್ತಲೇ ಇತ್ತು. ನಾನೇ ಹೋಗಿ ಆರಿಸಿದೆ.

೭ ನವೆಂಬರ್, ಗುರುವಾರ

ಕೃಷ್ಣಮ್ಮನವರು ನಲ್ಲಿಯ ಹತ್ತಿರ ಅವಳನ್ನು ಹಿಡಿದುಕೊಂಡು, "ಕಿವೀಗ್ ಯಾಕವ್ವಾ ಅತ್ತಿ ಮಡಿಕ್ಕಂಡಿದ್ದೀಯ? ದಿಂಬೆಲ್ಲ ಕಲೆ ಆಗೈತಂತೆ?" ಎಂದು ಕೇಳುತ್ತಿದ್ದರು. ಬಚ್ಚಲಲ್ಲಿ ಜಾರಿದಳು ಎಂದು ನಾನು ಬಾಗಿಲಿಂದಲೇ ಹೇಳಿದೆ. ಮುದುಕಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

೧೧ ನವೆಂಬರ್, ಸೋಮವಾರ

ರಜೆ ಹಾಕಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಷ್ಟು ಜನ ಗಂಡಸರು ಇಷ್ಟು ಮಾಡುತ್ತಾರೆ? ಡಾಕ್ಟರ್ ಹೆಂಗಸು, ದಪ್ಪ ಕನ್ನಡಕ. ಕಿವಿಗೆ ದೀಪ ಹಿಡಿದು ನೋಡಿ, "ಪೊರೆ ತೂತಾಗಿದೆ. ಹೇಗಾಯ್ತು?" ಎಂದು ಪಂಕಜಾಳನ್ನೇ ಕೇಳಿದರು.

ಪಂಕಜಾ ತನ್ನ ಬಳೆ ನೋಡಿಕೊಂಡು, "ಬ್ಯಾಟರಿ ಮುಗಿದುಹೋಗಿತ್ತು," ಎಂದಳು. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ.

ಅವಳನ್ನು ಒಂದು ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಂದೊಂದೇ ಶಬ್ದ ಕೇಳಿಸಿ, ಕಾಗದದ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆದರು. ಎಡಕ್ಕೆ ದಪ್ಪ ಶಬ್ದಗಳು, ಬಲಕ್ಕೆ ಹೋದಂತೆ ಕೀರಲು. ಎಡಗಡೆಯ ಚುಕ್ಕೆಗಳು ಕೆಳಗೆ ಬಿದ್ದಿದ್ದವು, ಬಲಕ್ಕೆ ಮೆಲ್ಲಗೆ ಏರುತ್ತಿದ್ದವು. ಹೆಬ್ಬಾಳದಲ್ಲಿ ನಾನು ಗುಂಡಿಗಳನ್ನು ನಿಲ್ಲಿಸಿದ್ದ ಗೆರೆಯೇ ಅದು.

"ಈ ಕಿವಿಗೆ ದಪ್ಪ ದನಿಗಳು ಕೇಳೋದಿಲ್ಲ," ಎಂದರು ಡಾಕ್ಟರ್. "ತಾನಾಗೇ ಮುಚ್ಚಿಕೊಳ್ಳಬಹುದು, ಎರಡು ಮೂರು ತಿಂಗಳು ಬೇಕು. ನೀರು ಹೋಗ್ಬಾರ್ದು. ಇನ್ನೊಂದು ಸಲ ಏಟು ಬಿದ್ರೆ ನನ್ನ ಕೈಲೂ ಆಗಲ್ಲ." ಕೊನೆಯ ಮಾತು ಹೇಳುವಾಗ ನನ್ನನ್ನು ನೋಡಿದರು.

ದಪ್ಪ ದನಿ ಎಂದರೆ ನನ್ನದೇ. ಇಡೀ ಊರಿನಲ್ಲಿ ನನ್ನ ನುಡಿಕೆ ಕೇಳುತ್ತಿದ್ದುದು ಆ ಕಿವಿ ಒಂದೇ. ಬಸ್ಸಿನಲ್ಲಿ ಬರುವಾಗ ನನಗೆ ನನ್ನ ಮೇಲೇ ಅಯ್ಯೋ ಎನಿಸಿತು.

೧೬ ನವೆಂಬರ್, ಶನಿವಾರ

ಹೊಸ ಬ್ಯಾಟರಿಯೂ ಸತ್ತಿದೆ. ಪೆಡಲ್ ಹೊತ್ತುಕೊಂಡು ಅಕ್ಬರ್ ಪಾಷಾ ಅವರ ಅಂಗಡಿಗೆ ಹೋದೆ.

"ಮನೇಲಿ ವಯರ್ ಕಿತ್ತಿಡ್ತೀರಾ?" ಎಂದು ಕೇಳಿದರು.

"ಯಾಕೆ ಕೀಳ್ಬೇಕು? ಸಿಕ್ಕಿಸಿಯೇ ಇರತ್ತೆ. ಬಂದ ತಕ್ಷಣ ನುಡಿಸ್ಬೇಕಲ್ಲ."

"ಅಯ್ಯೋ ಸಾರ್, ಗಿಟಾರ್ ಪಿನ್ ಒಳಗೆ ಇದ್ರೆ ಅದು ಆನ್ ಆಗೇ ಇರ್ತೈತೆ. ನೀವು ಕಾಲಲ್ಲಿ ಒತ್ತಿ, ಬಿಡಿ, ಅದು ಬ್ಯಾಟರಿ ತಿಂತಾನೇ ಇರ್ತೈತೆ. ಪಿನ್ ಕಿತ್ರೇನೇ ಮಲಗೋದು."

ಆಂಪ್ಲಿಫೈಯರಿಗೆ ಸ್ವಿಚ್ ಇದೆ, ರೇಡಿಯೊಗೆ ಸ್ವಿಚ್ ಇದೆ, ಇದಕ್ಕೆ ಮಾತ್ರ ವಯರೇ ಸ್ವಿಚ್ ಎಂದು ಯಾವನಿಗೆ ಗೊತ್ತಾಗಬೇಕು? ಮೊದಲೇ ಹೇಳಬಾರದಿತ್ತೇ ಎಂದು ಅವರ ಕಾಲರ್ ಹಿಡಿದೆ. ನನ್ನ ಅಪ್ಪನ ವಯಸ್ಸಿನವರು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಈ ಬೆರಳು ತಂತಿಗೆ ಇಟ್ಕೊಳ್ಳಿ," ಎಂದರು. ಅವರ ಹೆಂಡತಿ ಸುಗ್ರಾ ಪರದೆಯ ಹಿಂದಿನಿಂದ ನೋಡುತ್ತಿದ್ದರು.

ಪಂಕಜಾಳಿಗೆ ಹೇಳಲಿಲ್ಲ. ಹೇಳಿದರೆ ಕಿವಿ ಬರುತ್ತದೆಯೇ? ಸುಮ್ಮನೆ ಅವಳ ಮನಸ್ಸೂ ಕೆಡುತ್ತದೆ.

೧ ಡಿಸೆಂಬರ್, ಭಾನುವಾರ

ವೇದಿಕೆಯಲ್ಲಿ ಈಗ ನಾನು ಅವಳ ಬಲಕ್ಕೆ ನಿಲ್ಲುತ್ತೇನೆ, ಒಳ್ಳೆಯ ಕಿವಿಯ ಕಡೆ. ಅವಳಿಗೆ ನೋವಾಗದ ಹಾಗೆ ಗುಂಡಿಗಳನ್ನು ಹೊಂದಿಸಿ ಕೊಡುತ್ತೇನೆ. ಚೆನ್ನಾಗಿಯೇ ಹಾಡಿದಳು, ನನ್ನ ಕಡೆ ನೋಡಲಿಲ್ಲ ಅಷ್ಟೇ. ಬರುವಾಗ ಮಲ್ಲಿಗೆ ತಂದೆ. ಮುಡಿದುಕೊಂಡಳು.

ಇವತ್ತು ಮಧ್ಯಾಹ್ನ ಒಂದು ವಿಚಿತ್ರ ನಡೆಯಿತು. ಅವಳು ಹಿಟ್ಟು ರುಬ್ಬುತ್ತಿದ್ದಳು. ಟ್ರಾನ್ಸಿಸ್ಟರನ್ನು ಬಲಗಿವಿಯ ಪಕ್ಕ ಕಟ್ಟೆಯ ಮೇಲೆ ಇಟ್ಟುಕೊಂಡಿರುತ್ತಾಳೆ. ನಾನು ಎಡಕ್ಕೆ ಕುಳಿತು ಪೇಪರ್ ಓದುತ್ತಿದ್ದೆ. ಎರಡು ಸಲ ಕರೆದೆ, ತಿರುಗಲಿಲ್ಲ. ಆಗ ಬಾಯಿಂದ ತಾನಾಗಿಯೇ ಬಂತು: "ಬ್ಯಾಟರಿ ನೀನು ತೆಗೀಲಿಲ್ಲ. ತಪ್ಪು ನನ್ದು. ವಯರ್ ಕೀಳ್ಬೇಕಿತ್ತು."

ಅವಳು ರುಬ್ಬುತ್ತಲೇ ಇದ್ದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೇಳಿದಂತೆಯೂ ಆಯಿತು, ಅವಳ ಮನಸ್ಸು ಕೆಡಿಸಿದಂತೆಯೂ ಆಗಲಿಲ್ಲ.

೨೯ ಡಿಸೆಂಬರ್, ಭಾನುವಾರ

ಈಗ ಭಾನುವಾರವೆಂದರೆ ಅದೇ. ಅವಳು ರುಬ್ಬಲು ಕುಳಿತರೆ ನಾನು ಎಡಕ್ಕೆ ಹೋಗಿ ಕುಳಿತು ಮೆಲ್ಲಗೆ ಮಾತಾಡುತ್ತೇನೆ. ಆರ್.ಟಿ. ನಗರದಲ್ಲಿ ನಕ್ಕ ಮಗುವಿನ ಬಗ್ಗೆ ಹೇಳಿದೆ. ಹೆಬ್ಬಾಳದವನ ದವಡೆ ಕೂಡಿತೋ ಇಲ್ಲವೋ ಎಂದು ಒಮ್ಮೊಮ್ಮೆ ಎಚ್ಚರವಾಗುತ್ತದೆ ಎಂದೂ ಹೇಳಿದೆ. ಎದುರು ಕುಳಿತು ಇದನ್ನೆಲ್ಲ ಹೇಳುವುದು ನನ್ನಿಂದಾಗದು. ಅವಳು ತಿರುಗಿ ನೋಡಿದರೆ ಸಾಕು, ಬಾಯಿಗೆ ಬೈಗುಳವೇ ಬರುತ್ತದೆ.

ಬುಧವಾರ ಬಳೆ ಒಡೆದವು. ಕೈ ಹಿಡಿದದ್ದು ಸ್ವಲ್ಪ ಬಿಗಿಯಾಯಿತು. ಗಾಜಿನ ಬಳೆ ಎಷ್ಟು ದಿನ ಬರುತ್ತದೆ?

೧೯ ಜನವರಿ ೧೯೮೬, ಭಾನುವಾರ

ಲಕ್ಕಣ್ಣನ ಲೆಕ್ಕ ಮುಗಿಸಿದೆ.

ನಿನ್ನೆ ಯಲಹಂಕದಲ್ಲಿ ಕಾರ್ಯಕ್ರಮ. ಸಂಜೆ ಸಾಮಾನು ಜೋಡಿಸುವಾಗ, ನಾನು ಪಂಕಜಾಳ ಬಲಕ್ಕೆ ನಿಲ್ಲುವುದರಿಂದ ಡ್ರಮ್ ಮೂಲೆಗೆ ಹೋಗುತ್ತದೆ ಎಂದು ತಕರಾರು ತೆಗೆದ. "ಒಬ್ಳು ಕಿವುಡಿಗೋಸ್ಕರ ಸ್ಟೇಜೇ ತಿರುಗ್ಸಬೇಕೇನಲೇ?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿ, ನನ್ನ ಎದೆಗೆ ಕೈ ಹಾಕಿ ನೂಕಿದ. ನಾನು ಬಗ್ಗಿದೆ. ಪಿನ್ ಕಿತ್ತೆ. ಈಗ ಅದು ನನಗೆ ಅಭ್ಯಾಸವಾಗಿದೆ. ಪೆಡಲ್ ಎತ್ತಿಕೊಂಡು ಅವನ ಬಾಯಿಗೆ ಅಪ್ಪಳಿಸಿದೆ. ಮುಂದಿನ ಎರಡು ಹಲ್ಲು ಅಲ್ಲೇ ಉದುರಿದವು. ಎರಡನೇ ಏಟಿಗೆ ಮೂಗು. ಅವನು ಡ್ರಮ್ಮಿನ ಮೇಲೆ ಬಿದ್ದ, ತಟ್ಟೆಗಳೆಲ್ಲ ಝಣಝಣ ಎಂದವು. ಎದೆಯ ಮೇಲೆ ಮಂಡಿ ಇಟ್ಟು ಕುಳಿತೆ. ಯಾರೂ ಹತ್ತಿರ ಬರಲಿಲ್ಲ. ಅವನ ಷರ್ಟಿನ ಮುಂಭಾಗ ಪೂರ್ತಿ ಕೆಂಪಾಗಿತ್ತು. "ಬುಟ್ಬುಡಪ್ಪ," ಎಂದ. ನನಗೆ ಅಪ್ಪ ಎಂದ!

ಅರ್ಧ ಗಂಟೆ ಬಿಟ್ಟು ಕಾರ್ಯಕ್ರಮ ಶುರು ಮಾಡಿಸಿದವನೂ ನಾನೇ.

ಬೆಳಗ್ಗೆ ಗುಂಡಿಗಳ ಸಂದಿಯಲ್ಲಿ ಒಣಗಿದ್ದ ರಕ್ತವನ್ನು ಹತ್ತಿಯಿಂದ ತೆಗೆದೆ. ಮೂರನೆಯದು ಸ್ವಲ್ಪ ಬಿಗಿಯಾಗಿದೆ. ಉಳಿದಂತೆ ಏನೂ ಆಗಿಲ್ಲ, ಗಟ್ಟಿ ಮಾಲು.

ನಿನ್ನೆ ರಾತ್ರಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಪಂಕಜಾ ನಾಲ್ಕು ಹೆಜ್ಜೆ ಹಿಂದೆಯೇ ಬರುತ್ತಿದ್ದಳು. ನಾನು ತಿರುಗಿ, "ನೋಡಿದ್ಯಾ?" ಎಂದೆ. ನಿನಗಾಗಿಯೇ ಎಂದು ಹೇಳಬೇಕೆನಿಸಿತ್ತು.

"ನೋಡ್ದೆ. ಕೈ ಎತ್ತುವಾಗ ನಿಮ್ಮ ಮುಖ ಹೇಗಿರತ್ತೆ ಅಂತ ಗೊತ್ತಿರ್ಲಿಲ್ಲ. ಯಾವಾಗ್ಲೂ ಕಣ್ಮುಚ್ಕೊಂಡ್ಬಿಡ್ತಿದ್ದೆ," ಎಂದಳು.

ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

೨೬ ಜನವರಿ, ಭಾನುವಾರ

ಈಗ ಪಾರ್ಟಿ ನಾನು ಹೇಳಿದಂತೆ ನಡೆಯುತ್ತಿದೆ. ಲಕ್ಕಣ್ಣ ಬಾಯಿಗೆ ಟವಲ್ ಅಡ್ಡ ಇಟ್ಟುಕೊಂಡು ಓಡಾಡುತ್ತಾನೆ. ಕೃಷ್ಣಮ್ಮನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಪಂಕಜಾಳ ಜೊತೆ ಬಿಟ್ಟಿಲ್ಲ.

ಮಧ್ಯಾಹ್ನ ಅವಳು ಇಡ್ಲಿಗೆ ರುಬ್ಬುತ್ತಿದ್ದಳು. ಟ್ರಾನ್ಸಿಸ್ಟರಿನಲ್ಲಿ ದಿಲ್ಲಿಯ ಪಥಸಂಚಲನದ ವರದಿ. ನಾನು ಎಡಕ್ಕೆ ಕುಳಿತು, ಮೊದಲು ಗಿಟಾರನ್ನು ಮೆಲ್ಲಗೆ ನುಡಿಸಿ ಪರೀಕ್ಷೆ ಮಾಡಿದೆ, ದಪ್ಪ ಗುಂಡಿಯೊಂದನ್ನೇ ಎತ್ತಿ. ಅವಳು ಅಲುಗಲಿಲ್ಲ. ಆಮೇಲೆ, ಯಾರಿಗೂ ಹೇಳದಿದ್ದುದನ್ನು ಹೇಳಿದೆ.

"ನಿನಗೆ ಹೊಡೆದಾಗ ನನಗೆ ಹಾಯ್ ಅನ್ನಿಸ್ತು ಪಂಕಜಾ. ಹೆಬ್ಬಾಳದಲ್ಲಿ ಅನ್ನಿಸಿದ ಹಾಗೇ. ಆಮೇಲೆ ಹೆದರಿಕೆ ಆಯ್ತು, ಆದ್ರೆ ಮೊದ್ಲು ಹಾಯ್ ಅನ್ನಿಸ್ತು. ಮತ್ತೆ ಕೈ ಎತ್ತುತೀನಿ. ಯಾವತ್ತು ಅಂತ ಗೊತ್ತಿಲ್ಲ, ಎತ್ತುತೀನಿ ಅನ್ನೋದು ಗೊತ್ತು. ನನ್ನನ್ನ ಯಾರಾದ್ರೂ ಹಿಡ್ಕೋಬೇಕು."

ಅವಳ ಕೈ ಗುಂಡುಕಲ್ಲಿನ ಮೇಲೆ ಒಂದು ಕ್ಷಣ ನಿಂತಿತು. ಹಿಟ್ಟು ಗಟ್ಟಿಯಾಗಿತ್ತೇನೋ. ಸ್ವಲ್ಪ ನೀರು ಚಿಮುಕಿಸಿ ಮತ್ತೆ ರುಬ್ಬಿದಳು.

ಹಿತ್ತಲಿಗೆ ಹೋಗಿ ಅತ್ತೆ. ಅವಳ ಮೇಲೆ ಇಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

೯ ಫೆಬ್ರುವರಿ, ಭಾನುವಾರ

ಪಂಕಜಾ ಎಷ್ಟು ತಣ್ಣಗಾಗಿದ್ದಾಳೆ! ಎದುರು ಮಾತಿಲ್ಲ, ಮುಖ ಊದಿಸುವುದಿಲ್ಲ, ಕೇಳುವ ಮುಂಚೆ ಕಾಫಿ ಬರುತ್ತದೆ. ಕೃಷ್ಣಮ್ಮನವರ ಜೊತೆ ಯಶವಂತಪುರದ ಸಂತೆಗೆ ಹೋಗುತ್ತಾಳೆ, ಸುಗ್ರಾ ಅವರ ಹತ್ತಿರ ಹೊಲಿಗೆ ಕಲಿಯುತ್ತಿದ್ದಾಳಂತೆ. ಹೋಗಲಿ ಬಿಡು ಎಂದೆ. ಸಂಸಾರ ಒಂದು ದಾರಿಗೆ ಬಂತು.

ಅವಳ ಕಿವಿಗೆ ಮೆಷಿನ್ ಹಾಕಿಸಬೇಕು ಎಂದುಕೊಂಡಿದ್ದೇನೆ. ಅವಳಿಗೆ ಹೇಳದೆ ಡಾಕ್ಟರನ್ನು ಕೇಳಿಕೊಂಡು ಬರುತ್ತೇನೆ. ಭಾನುವಾರ ಮಾತ್ರ ಅದನ್ನು ತೆಗೆದಿಟ್ಟಿರು ಎಂದರಾಯಿತು.

೧೭ ಫೆಬ್ರುವರಿ, ಸೋಮವಾರ

ಎರಡನೇ ಪಾಳಿ ತಪ್ಪಿಸಿ, ಮೆಷಿನ್ ವಿಷಯ ಕೇಳಲು ಕಿವಿ ಡಾಕ್ಟರ ಹತ್ತಿರ ಹೋದೆ.

ಡಾಕ್ಟರ್ ನನ್ನ ಮಾತು ಕೇಳಿ ಕನ್ನಡಕ ತೆಗೆದು ನೋಡಿದರು. "ಮೆಷಿನ್ ಯಾತಕ್ಕೆ? ಪೊರೆ ಪೂರ್ತಿ ಮುಚ್ಚಿಕೊಂಡಿದೆ. ಸಂಕ್ರಾಂತಿಗೆ ಮುಂಚೇನೇ ಬಂದು ತೋರಿಸಿಕೊಂಡು ಹೋದ್ರಲ್ಲ, ಜೊತೇಲಿ ಒಬ್ಬರು ವಯಸ್ಸಾದೋರಿದ್ರು. ನಿಮಗೆ ಹೇಳಿಲ್ವಾ?" ಕಡತದಿಂದ ಕಾಗದ ತೆಗೆದು ತೋರಿಸಿದರು. ಗೆರೆ ಈ ತುದಿಯಿಂದ ಆ ತುದಿಗೆ ಸಮವಾಗಿತ್ತು.

ಬಸ್ಸಿಗೂ ಕಾಯದೆ ನಡೆದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ನಾನು ಏನೇನು ಹೇಳಿದೆ?

ಬಾಗಿಲು ತೆರೆದಿತ್ತು. ಟ್ರಂಕಿನ ಮುಚ್ಚಳ ಹಾಕಿ, ಅದರ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಎರಡನೇ ಪಾಳಿ ಮುಗಿಸಿ ಬರುವ ಹೊತ್ತಿಗೆ ಹೊರಟುಹೋಗಿರುತ್ತಿದ್ದಳೇನೋ. ಎಡಕ್ಕೆ ನಿಂತು, ತುಟಿ ಅಲುಗಿತೋ ಇಲ್ಲವೋ ಎಂಬಂತೆ, "ಕೇಳಿಸ್ತಿತ್ತಾ?" ಎಂದೆ.

"ಕೇಳಿಸ್ತಿತ್ತು," ಎಂದಳು, ಬಾಚುತ್ತಲೇ.

"ಯಾವಾಗಿಂದ?"

"ಅದೊಂದು ನನ್ನ ಹತ್ರಾನೇ ಇರ್ಲಿ."

"ನನಗ್ಯಾಕೆ ಹೇಳ್ಲಿಲ್ಲ?"

ಆಗ ನನ್ನ ಕಡೆ ತಿರುಗಿದಳು. "ಈ ಕಿವೀಗೆ ಮಾತ್ರ ನೀವು ನಿಜ ಹೇಳ್ತಿದ್ರಿ. ವಾಸಿ ಆಯ್ತು ಅಂದಿದ್ರೆ ನಿಲ್ಲಿಸ್ಬಿಡ್ತಿದ್ರಿ. ಬ್ಯಾಟರಿ ವಿಷಯ ಕೇಳ್ದಾಗ, ಒಂದ್ ದಿನ ಎದುರಿಗೆ ಬಂದು ಹೇಳ್ತಾರೆ ಅಂತ ಕಾದೆ. ಆಮೇಲೆ ಇಪ್ಪತ್ತಾರನೇ ತಾರೀಕು ಹೇಳಿದ್ರಲ್ಲ, ಅದನ್ನೂ ಕೇಳ್ದೆ. ನಿಮ್ಮ ಮಾತು ನಂಬ್ದೆ ಕಣ್ರೀ. ಅದ್ಕೇ ಹೊರಟಿದೀನಿ. ಸಹಕಾರನಗರದಲ್ಲಿ ನಮ್ಮ ದೊಡ್ಡಮ್ಮನ ಮಗಳು ವೇದಕ್ಕನ ಮನೇಲಿರ್ತೀನಿ, ಅಕ್ಬರ್ ಪಾಷಾ ಅವರ ಪಾರ್ಟೀಲಿ ಹಾಡ್ತೀನಿ."

ನನ್ನ ಕೈ ಮೇಲೆದ್ದಿತು. ನಾನು ಎತ್ತಿದೆ ಎಂದು ಹೇಳಲಾರೆ, ಎದ್ದಿತು. ಅವಳು ಕಣ್ಣು ಮುಚ್ಚಲಿಲ್ಲ. ಆಗಲೇ ಟ್ರಂಕ್ ಎತ್ತಲು ಬಂದ ಲಕ್ಕಣ್ಣ ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಕೃಷ್ಣಮ್ಮನವರು. ನನ್ನ ಕೈ ಕಂಡದ್ದೇ ಆ ಆಳು, ಎಲ್ಲರೆದುರು ನನಗೆ ಹೊಡೆದಿದ್ದವನು, ಮೊಣಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡ. ಪಂಕಜಾ ದಿನಾ ಹಿಡಿಯುತ್ತಿದ್ದ ಹಾಗೆಯೇ.

"ಅವ್ನ್ ಅಂಗೇ ಕಣವ್ವಾ, ನೀನ್ ನಡಿ," ಎಂದರು ಕೃಷ್ಣಮ್ಮನವರು.

ಅವಳು ಟ್ರಂಕಿನ ಒಂದು ಕಡೆ ತಾನೇ ಹಿಡಿದು, ನನ್ನ ತೋಳಿನ ಕೆಳಗಿನಿಂದಲೇ ಹೋದಳು. ಆಮೇಲೆ ಬಾಗಿಲ ಚಿಲಕ ಮುರಿದಿದೆ, ಟ್ರಾನ್ಸಿಸ್ಟರ್ ಒಡೆದಿದೆ, ಕನ್ನಡಿ ಒಡೆದಿದೆ.

೨೩ ಫೆಬ್ರುವರಿ, ಭಾನುವಾರ

ಹೋಟೆಲಿನಿಂದ ಊಟ ತಂದು ತಿಂದೆ. ಮಧ್ಯಾಹ್ನ ಒರಳಿನ ಪಕ್ಕ, ನಾನು ಕೂರುತ್ತಿದ್ದ ಜಾಗದಲ್ಲೇ ಕುಳಿತೆ. ಮನೆಯಲ್ಲಿ ಯಾರೂ ಇಲ್ಲ, ಈಗ ಗಟ್ಟಿಯಾಗಿಯೇ ಮಾತಾಡಬಹುದು ಎಂದುಕೊಂಡು ಶುರು ಮಾಡಿದೆ. ಲಕ್ಕಣ್ಣನನ್ನು ಬೈದೆ. ಅಕ್ಬರ್ ಪಾಷಾನನ್ನು ಬೈದೆ. ಡಾಕ್ಟರನ್ನೂ ಕೃಷ್ಣಮ್ಮನನ್ನೂ ಬೈದೆ. ಕಿವಿ ವಾಸಿಯಾದದ್ದನ್ನು ಮುಚ್ಚಿಟ್ಟದ್ದು ಎಷ್ಟು ದೊಡ್ಡ ಮೋಸ ಎಂದು ಪಂಕಜಾಳನ್ನೂ ಬೈದೆ.

ಆಮೇಲೆ ನನ್ನ ಕೈಯ ವಿಷಯ ಹೇಳೋಣವೆಂದು ಬಾಯಿ ತೆರೆದೆ. ಬಹಳ ಹೊತ್ತು ತೆರೆದುಕೊಂಡೇ ಕುಳಿತಿದ್ದೆ. ಒಂದು ಮಾತೂ ಬರಲಿಲ್ಲ. ಅದನ್ನು ಹೇಳಬೇಕಾದರೆ ಅವಳು ಪಕ್ಕದಲ್ಲಿರಬೇಕು.